ಬೀದಿಯ ತುದಿಯವರೆಗೆ ತಳ್ಳಿದ ಗಾಡಿ

ಮೊನ್ನೆ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಯಾರದೋ ಹಳೇ ಮೋಟಾರ್ ಸೈಕಲ್ಲಿನಿಂದ ಪೆಟ್ರೋಲು ತೊಟ್ಟಿಕ್ಕಿತ್ತು. ಲಿಫ್ಟಿನ ಬಾಗಿಲು ತೆರೆದ ಕೂಡಲೇ ವಾಸನೆ ಮೂಗಿಗೆ ಬಡಿಯಿತು. ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತೆ. ಅಳು ಬರಲಿಲ್ಲ. ಆಗಲೂ ಬಂದಿರಲಿಲ್ಲ... ಪಕ್ಕದ ಮನೆಯ ಅಣ್ಣ ನೆನಪಾದರು.

ಅರವತ್ತರ ದಶಕದ ಮಾತು. ಮದುವೆಯಾಗಿ ನಾನು ಜಯನಗರಕ್ಕೆ ಬಂದಾಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಸಾಲಿನಲ್ಲಿ ಎರಡೇ ಮನೆ. ಒಂದು ನಾವು ಬಾಡಿಗೆಗೆ ಹಿಡಿದದ್ದು, ಇನ್ನೊಂದು ಅವರದು. ಅವರನ್ನು ಅಣ್ಣ ಎಂದೂ ಅವರ ಹೆಂಡತಿಯನ್ನು ಅತ್ತಿಗೆ ಎಂದೂ ಕರೆಯುತ್ತಿದ್ದೆ. ಅಣ್ಣ ತುಮಕೂರಿನ ಕಡೆಯವರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮಕ್ಕಳಿರಲಿಲ್ಲ. ಒಂದು ಸೆಕೆಂಡ್ ಹ್ಯಾಂಡ್ ಮೋಟಾರ್ ಸೈಕಲ್ ಇತ್ತು.

ಚಳಿಗಾಲದಲ್ಲಿ ಅದನ್ನು ಎಬ್ಬಿಸುವುದೇ ಒಂದು ಕೆಲಸ. ಕಾರ್ಬ್ಯುರೇಟರಿನ ಮೇಲೆ ಒತ್ತುವ ಪುಟ್ಟ ಗುಂಡಿಯೊಂದಿತ್ತು. ಅದನ್ನು ಒತ್ತಿ ಹಿಡಿದರೆ ಒಳಗೆ ಪೆಟ್ರೋಲು ತುಂಬಿ ಹೊರಗೆ ಜಿನುಗುತ್ತಿತ್ತು. ಜಿನುಗಿದ ಕೂಡಲೇ ಕೈ ತೆಗೆದು, ಹ್ಯಾಂಡಲ್ ಮೇಲಿನ ಚೋಕ್ ಎಳೆದು, ಕಿಕ್ ಹೊಡೆಯಬೇಕು. ರಂಗೋಲಿ ಹಾಕುತ್ತಾ ದಿನಾ ನೋಡುತ್ತಿದ್ದೆ.

"ತಣ್ಣಗಿರೋ ಇಂಜಿನ್‌ಗೆ ಮೊದಲು ಸ್ವಲ್ಪ ಜಾಸ್ತಿ ಕುಡಿಸ್ಬೇಕು ಕಣಮ್ಮ. ತೀರಾ ಕುಡಿಸಿದ್ರೆ ಪ್ಲಗ್ ನೆಂದು ಕೂತ್ಬಿಡತ್ತೆ," ಎನ್ನುತ್ತಿದ್ದರು ಅಣ್ಣ.

"ಎಳೇಮಗೂಗೆ ಗಂಜಿ ಕುಡಿಸೋ ಹಾಗೆ ಆಡ್ತಾರೆ ನೋಡು," ಎಂದು ಅತ್ತಿಗೆ ಒಳಗಿನಿಂದ ಕೂಗುತ್ತಿದ್ದರು.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕಿತ್ತು. ನನಗೆ ತಾಯಿ ಇರಲಿಲ್ಲ. "ನಾನಿದೀನಲ್ಲ, ಇಲ್ಲೇ ಇರು," ಎಂದಿದ್ದರು ಅತ್ತಿಗೆ. ದಿನ ತುಂಬುವ ಮೊದಲೇ, ಡಿಸೆಂಬರಿನ ಒಂದು ಮುಂಜಾನೆ ನೋವು ಶುರುವಾಯಿತು. ರಾತ್ರಿ ಪಾಳಿಗೆ ಹೋಗಿದ್ದ ನನ್ನ ಗಂಡ ಫ್ಯಾಕ್ಟರಿಯಿಂದ ಇನ್ನೂ ಬಂದಿರಲಿಲ್ಲ. ಹೆರಿಗೆ ಮಾಡಿಸುವ ನರ್ಸಮ್ಮ ಇದ್ದದ್ದು ಬಸವನಗುಡಿಯಲ್ಲಿ. ಅವರನ್ನು ಕರೆತರಲು ಅಣ್ಣ ಗಾಡಿ ಹೊರಗೆ ತೆಗೆದರು.

ಚಾಪೆಯ ಮೇಲೆ ಮಲಗಿ ನಾನು ಕಿಕ್ಕಿನ ಸದ್ದು ಕೇಳುತ್ತಿದ್ದೆ. ಒಂದಾದ ಮೇಲೊಂದು. ಇಂಜಿನ್ ಕೆಮ್ಮಲೂ ಇಲ್ಲ. ಗಾಬರಿಯಲ್ಲಿ ಅಣ್ಣ ಆ ಗುಂಡಿಯನ್ನು ಒತ್ತಿ ಹಿಡಿದೇ ಬಿಟ್ಟಿದ್ದರು. ಪೆಟ್ರೋಲಿನ ವಾಸನೆ ಕಿಟಕಿಯಿಂದ ಬಂದು ಕೋಣೆಯೆಲ್ಲ ತುಂಬಿತು.

"ಏನಾಯ್ತ್ರೀ?" ಅತ್ತಿಗೆ ಕೂಗಿದರು.

"ಪ್ಲಗ್ ನೆಂದೋಯ್ತು ಕಣೇ... ಬಿಚ್ಚಿ ಒರೆಸ್ತಿದೀನಿ."

ಗಾಡಿ ಹೊರಡುವಾಗ ಬಿಸಿಲು ಬಂದಿತ್ತು. ನರ್ಸಮ್ಮನನ್ನು ಹಿಂದೆ ಕೂರಿಸಿಕೊಂಡು ಅವರು ಬರುವಷ್ಟರಲ್ಲಿ ಮಗು ಅತ್ತಿಗೆಯ ಕೈಯಲ್ಲಿತ್ತು. ಹೆಣ್ಣು. ಉಸಿರಿರಲಿಲ್ಲ.

"ಬೇಗ ಬಂದಿದ್ರೂ ಉಳೀತಿತ್ತು ಅಂತ ಹೇಳೋಕಾಗ್ತಿರ್ಲಿಲ್ಲ," ಎಂದರು ನರ್ಸಮ್ಮ. ಯಾರಿಗೆ ಹೇಳಿದರೋ... ಮಧ್ಯಾಹ್ನ ಅಣ್ಣ ಮತ್ತು ನನ್ನ ಗಂಡ ಮಗುವನ್ನು ಪಂಚೆಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ಹೆಂಗಸರು ಹೋಗುವಂತಿರಲಿಲ್ಲ. ನಾನು ಗೋಡೆ ನೋಡುತ್ತಾ ಮಲಗಿದ್ದೆ. ಆಮೇಲೆ ಎದೆಹಾಲು ಕಟ್ಟಿಕೊಂಡು ನೋಯುತ್ತಿತ್ತು. ಅದು ಬಿಟ್ಟರೆ ಬೇರೇನೂ ಅನ್ನಿಸುತ್ತಿರಲಿಲ್ಲ.

ಎದ್ದು ಓಡಾಡುವಂತಾದ ಮೇಲೆ ಗಮನಿಸಿದೆ, ಬೆಳಿಗ್ಗೆ ಗಾಡಿಯ ಸದ್ದೇ ಇಲ್ಲ. ಮಾರಿಬಿಟ್ಟರೇನೋ ಅಂದುಕೊಂಡೆ. ಒಮ್ಮೆ ಕಿಟಕಿಯಿಂದ ನೋಡಿದರೆ, ಅಣ್ಣ ಅದನ್ನು ಬೀದಿಯ ತುದಿಯವರೆಗೆ ತಳ್ಳಿಕೊಂಡು ಹೋಗುತ್ತಿದ್ದರು. ಖಾಲಿ ಸೈಟುಗಳನ್ನು ದಾಟಿ, ತಿರುವಿನಾಚೆ ಹೋಗಿ ಸ್ಟಾರ್ಟ್ ಮಾಡುತ್ತಿದ್ದರು, ನನಗೆ ಕೇಳಿಸಬಾರದೆಂದು. ಏರುದಾರಿ, ಆ ಚಳಿಯಲ್ಲೂ ಅಂಗಿಯ ಬೆನ್ನು ಒದ್ದೆ. ನನ್ನೊಡನೆ ಮಾತೂ ನಿಲ್ಲಿಸಿದ್ದರು. ಎದುರಾದರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು.

ಚಳಿ ಇನ್ನೂ ಇರುವಾಗಲೇ ಒಂದು ಬೆಳಿಗ್ಗೆ ಅವರ ಗೇಟಿನ ಹತ್ತಿರ ಹೋಗಿ ನಿಂತೆ.

"ಅಣ್ಣಾ, ಇಲ್ಲೇ ಸ್ಟಾರ್ಟ್ ಮಾಡಿ."

"ಬೇಡಮ್ಮ..."

"ಮಾಡಿ ಅಣ್ಣ. ನಂಗೇನೂ ಆಗಲ್ಲ."

ನಿಜಕ್ಕೂ ನನಗೆ ಆಗ ಯಾವುದರಿಂದಲೂ ಏನೂ ಆಗುತ್ತಿರಲಿಲ್ಲ. ಅವರು ಸ್ಟ್ಯಾಂಡ್ ಹಾಕಿ ಗುಂಡಿಯ ಮೇಲೆ ಬೆರಳಿಟ್ಟರು. ಒತ್ತಲಾಗಲಿಲ್ಲ. ನಾನೇ ಬಗ್ಗಿ ಒತ್ತಿದೆ. ತಣ್ಣನೆಯ ಪೆಟ್ರೋಲು ತಾಗಿದಾಗ ಕೈ ತೆಗೆದೆ.

"ಸಾಕಾ?"

"ಸಾಕಮ್ಮ."

ಒಂದೆರಡು ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಯಿತು. ಅಣ್ಣ ಟ್ಯಾಂಕಿನ ಮೇಲೆ ತಲೆಯಿಟ್ಟು ಅತ್ತರು. ಇಂಜಿನ್ನಿನ ಸದ್ದಿನಲ್ಲಿ ಅಳು ಕೇಳಿಸಲಿಲ್ಲ. ಬೆನ್ನು ಅಲುಗುತ್ತಿದ್ದದ್ದು ಮಾತ್ರ ಕಾಣುತ್ತಿತ್ತು.

ಮುಂದೆ ನನಗೆ ಇಬ್ಬರು ಗಂಡುಮಕ್ಕಳಾದರು. ಅಣ್ಣನಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಬಂದು ಬಾಗಿಲಲ್ಲೇ ನಿಂತರು.

"ಮಗೂನ ಮಲಗ್ಸಿದ್ ಜಾಗ ತೋರಿಸ್ಲೇನಮ್ಮ? ಗುರುತಿಗೆ ಒಂದ್ ಕಲ್ಲಿಟ್ಟಿದೀನಿ."

"ಬೇಡ ಅಣ್ಣ," ಎಂದೆ. ಕಾಫಿ ಕೊಟ್ಟೆ. ಕುಡಿದು ಹೋದರು.

ಈಗ ಅಣ್ಣ ಇಲ್ಲ, ಅತ್ತಿಗೆ ಇಲ್ಲ, ನನ್ನ ಗಂಡನೂ ಇಲ್ಲ. ಮಗುವನ್ನು ಮಣ್ಣು ಮಾಡಿದ್ದು ಬನಶಂಕರಿಯ ಕಡೆ ಎಂದಷ್ಟೇ ಯಾವಾಗಲೋ ಕಿವಿಗೆ ಬಿದ್ದಿತ್ತು. ಬಸ್ಸಿನಲ್ಲಿ ಆ ಕಡೆ ಹೋಗುವಾಗಲೆಲ್ಲ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತೇನೆ. ಮನೆಗಳು, ಅಂಗಡಿಗಳು, ಮತ್ತೆ ಮನೆಗಳು... ಈಗ ಆ ಜಾಗ ನೋಡಬೇಕು ಅನ್ನಿಸುತ್ತದೆ. ತೋರಿಸುವವರು ಯಾರೂ ಉಳಿದಿಲ್ಲ.