ದುರುಗಕ್ಕ ಒಬ್ಬಳೇ ನೋಡಿದ ಧಾರಾವಾಹಿ

ನಮ್ಮ ಶಾಲೆಯ ಬಿಸಿಯೂಟದ ದುರುಗಕ್ಕನ ಬಗ್ಗೆ ಬರೆಯಲು ಕೂತಿದ್ದೇನೆ. ಬರೆಯುವ ಯೋಗ್ಯತೆ ನಿನಗಿದೆಯೇ ಎಂದು ಯಾರಾದರೂ ಕೇಳಿದರೆ, ಇಲ್ಲ. ಆದರೆ ಆಕೆಯ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ. ಆದ್ದರಿಂದ ನಾನೇ, ಸಂಧ್ಯಾರಾಣಿ, ಸಹಶಿಕ್ಷಕಿ, ತಲೆ ತಗ್ಗಿಸಿಕೊಂಡೇ ಬರೆಯುತ್ತಿದ್ದೇನೆ.

ದುರುಗಕ್ಕ ಜಗಳೂರು ಕಡೆಯ ಹೆಣ್ಣು. ಮದುವೆಯಾಗಿ ನ್ಯಾಮತಿಗೆ ಬಂದಳು. ಗಂಡ ನಿಂಗರಾಜ್ ಮಂಡಿಯಲ್ಲಿ ಹಮಾಲಿ. ಆಕೆ ನಮ್ಮ ಶಾಲೆಯಲ್ಲಿ ಅಡುಗೆಗೆ ಸೇರಿ ಹನ್ನೊಂದು ವರ್ಷವಾಯಿತು. ಬೆಳಿಗ್ಗೆ ಮಕ್ಕಳು ಪ್ರಾರ್ಥನೆಗೆ ಸಾಲು ನಿಂತಾಗ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣು ಹಾಯಿಸುತ್ತಾಳೆ, ಅಷ್ಟೇ. ಹಾಜರಿ ಪುಸ್ತಕ ಬೇಡ, ಅಳತೆ ಡಬ್ಬಿ ಬೇಡ. "ಐದನೇ ಕ್ಲಾಸಿನವು ಇವತ್ತು ಬಾಳ ಹಸ್ಕಂಡು ಬಂದಾವೆ ರೀ ಮೇಡಂ, ಎರಡು ಹಿಡಿ ಜಾಸ್ತಿ ಹಾಕೀನಿ" ಅನ್ನುತ್ತಾಳೆ. ಮಧ್ಯಾಹ್ನ ನೋಡಿದರೆ ಅನ್ನ ಉಳಿದಿರುವುದಿಲ್ಲ, ಸಾಲದೆಯೂ ಬಂದಿರುವುದಿಲ್ಲ. ಬಿ.ಎಡ್. ಓದಿದ ನನಗೆ ಇವತ್ತಿಗೂ ಆ ಲೆಕ್ಕ ಹತ್ತಿಲ್ಲ.

ಹೋದ ವರ್ಷ ಸಿಡಿಲಿಗೆ ಆಕೆಯ ಮನೆಯ ಟೀವಿ ಸುಟ್ಟುಹೋಯಿತು. ಅದೇ ಹೊತ್ತಿಗೆ 'ನೂರೆಂಟು ತಟ್ಟೆ' ಎಂಬ ಧಾರಾವಾಹಿ ಶುರುವಾಗಿತ್ತು. ಸಂಜೆ ಆರೂವರೆಗೆ ಬರುತ್ತಿತ್ತು. ಅದರ ನಾಯಕಿ ನೀಲವ್ವ ಹಳ್ಳಿ ಶಾಲೆಯೊಂದರಲ್ಲಿ ನೂರೆಂಟು ಮಕ್ಕಳಿಗೆ ಬಿಸಿಯೂಟ ಮಾಡುವವಳು. ಅರಮನೆಯಂಥ ಮನೆಗಳಲ್ಲಿ ರೇಷ್ಮೆ ಸೀರೆ ಉಟ್ಟು ಮಲಗುವ ಅತ್ತೆ ಸೊಸೆಯರ ನಡುವೆ ಇಂಥದೊಂದು ಕಥೆಯನ್ನು ಅದ್ಯಾವ ಪುಣ್ಯಾತ್ಮ ಬರೆದನೋ ಗೊತ್ತಿಲ್ಲ.

"ಮೇಡಂ, ನಮ್ಮಂಥೋರ ಕತೆ ಟೀವಿಯಾಗೆ ಬರಾಕತ್ತೈತೆ ರೀ. ನಿಮ್ಮನೆಗೆ ಬಂದು ಅರ್ಧ ತಾಸು ನೋಡಿ ಹೋಗ್ಲಾ?" ಎಂದು ಕೇಳಿದಳು. ಬಾ ಎಂದೆ.

ದಿನಾ ಬಂದಳು. ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದು, ಬಾಗಿಲ ಒಳಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ನೆಲದ ಮೇಲೆ ಕೂರುತ್ತಿದ್ದಳು. ಮೊದಲ ದಿನ ನಾನು "ಕೂರು" ಎಂದಿದ್ದೆ, ಎಲ್ಲಿ ಎಂದು ಹೇಳಿರಲಿಲ್ಲ. ಸೋಫಾ ಖಾಲಿ ಇರುತ್ತಿತ್ತು. ನಾನು ಆ ಹೊತ್ತಿಗೆ ರೊಟ್ಟಿ ತಟ್ಟುತ್ತಾ ಅಡುಗೆಮನೆಯಲ್ಲಿರುತ್ತಿದ್ದೆ. ನನ್ನ ಗಂಡ ಮಹಾಂತೇಶ್ ಗೊಬ್ಬರದ ಅಂಗಡಿಯಿಂದ ಬರುವುದು ಎಂಟಕ್ಕೆ.

ಆಕೆಯ ಮಾತು ಮಾತ್ರ ಅಡುಗೆಮನೆಯವರೆಗೂ ಕೇಳುತ್ತಿತ್ತು. "ಅಯ್ಯ ಶಿವನೇ, ಹಿಂಗೂ ಒಗ್ಗರಣೆ ಹಾಕ್ತಾರಾ? ಈರುಳ್ಳಿ ಕೆಂಪಗೇ ಆಗಿಲ್ಲ!" "ಆಯಮ್ಮನ ಕೈಯಾಗಿನ ಬಳೆ ನೋಡ್ರಿ ಮೇಡಂ, ಗಂಜಿ ಬಸಿಯೋಳ ಕೈಯಾಗೆ ಅಷ್ಟು ಗಾಜಿನ ಬಳೆ ಇದ್ರೆ ಮಕ್ಕಳು ಅನ್ನ ಉಣ್ಣಲ್ಲ, ಗಾಜು ಉಣ್ತಾವೆ!" ನಾನು ರೊಟ್ಟಿ ತಟ್ಟುತ್ತಲೇ ನಗುತ್ತಿದ್ದೆ.

ಮೂರನೇ ತಿಂಗಳಲ್ಲಿ ನೀಲವ್ವನ ಮೇಲೆ ಒಂದು ಮೂಟೆ ಅಕ್ಕಿ ಕದ್ದ ಆರೋಪ ಬಂತು. ಅಂದಿನಿಂದ ದುರುಗಕ್ಕನ ಬಾಯಿ ಕಟ್ಟಿತು. ಮೊಣಕಾಲು ತಬ್ಬಿಕೊಂಡು ಸುಮ್ಮನೆ ನೋಡುತ್ತಿದ್ದಳು. ಒಂದು ದಿನ ಹೋಗುವಾಗ ಮೆಲ್ಲಗೆ ಕೇಳಿದಳು, "ಮೇಡಂ, ಆಯಮ್ಮ ಕದ್ದಿಲ್ಲ ಅಂತ ಎಲ್ಲರ ಮುಂದೆ ಹೇಳ್ತಾರಲ್ವಾ? ಹೇಳೇ ಹೇಳ್ತಾರೆ. ಅಷ್ಟು ನೋಡಿಬಿಟ್ರೆ ಸಾಕು ನಂಗೆ."

ಆಕೆ ಯಾಕೆ ಹಾಗೆ ಕೇಳಿದಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆರು ವರ್ಷದ ಹಿಂದೆ ನಮ್ಮ ಶಾಲೆಯ ದಾಸ್ತಾನಿನಲ್ಲಿ ನಾಲ್ಕು ಕೆಜಿ ತೊಗರಿಬೇಳೆ ಕಮ್ಮಿ ಬಂದಿತ್ತು. ಆಗಿನ ಹೆಡ್‌ಮಾಸ್ಟರು ದುರುಗಕ್ಕನನ್ನು ಆಫೀಸ್ ರೂಮಿಗೆ ಕರೆಸಿದರು. ಶಾಲಾ ಸಮಿತಿಯ ಗೋಣೆಪ್ಪನವರು ನಾನೂ ಸೇರಿದಂತೆ ಎಲ್ಲರ ಮುಂದೆ ಆಕೆಯ ಬ್ಯಾಗನ್ನು ಸುರಿದು ನೋಡಿದರು. ಬೇಳೆ ಇರಲಿಲ್ಲ. "ಸರಿ, ಹೋಗು, ಇನ್ನು ಮುಂದೆ ಹುಷಾರು" ಎಂದು ಕಳಿಸಿದರು. ಕದ್ದಳು ಎಂದು ಬರೆಯಲಿಲ್ಲ, ಕದ್ದಿಲ್ಲ ಎಂದೂ ಯಾರೂ ಹೇಳಲಿಲ್ಲ. ಊರಿನಲ್ಲಿ ಕೆಲವರು ಇವತ್ತಿಗೂ ಆಕೆ ಹೋಗುವಾಗ ಬೇಳೆ ಮಾತು ತೆಗೆಯುತ್ತಾರೆ.

ಬೇಳೆ ಮೂಟೆ ಬಂದಾಗ ತೂಕ ಹಾಕದೆ ಸಹಿ ಮಾಡಿ ಇಳಿಸಿಕೊಂಡವಳು ನಾನು. ಮೂಟೆ ಬಂದಾಗಲೇ ಕಮ್ಮಿ ಇತ್ತು. ಅದರ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ನೋಟೀಸು ಬರುತ್ತದೆಂಬ ಹೆದರಿಕೆಗೆ ಅವತ್ತು ಬಾಯಿ ಬಿಡಲಿಲ್ಲ. ಆಮೇಲೆ ದಿನ ಕಳೆದಂತೆ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು. ಥೂ, ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತಿದೆ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯ ಟೀವಿಗೆ ಒಂದು ಪುಟ್ಟ ಡಬ್ಬಿ ಜೋಡಿಸಿದ್ದರು. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆಂದು ತಿಳಿಯುವ ಸಮೀಕ್ಷೆಯವರದು. ಅದಕ್ಕೇ ಬೇರೆ ರಿಮೋಟು, ಅದರಲ್ಲಿ ಮನೆಯ ಒಬ್ಬೊಬ್ಬರಿಗೂ ಒಂದೊಂದು ಗುಂಡಿ. ಟೀವಿ ಮುಂದೆ ಕೂತಾಗ ಅವರವರ ಗುಂಡಿ ಒತ್ತಬೇಕು. ಹೊರಗಿನವರು ಬಂದು ನೋಡಿದರೆ ಅವರಿಗೂ ಬೇರೆ ಗುಂಡಿ ಇತ್ತು, ಅತಿಥಿಗಳದು. ಡಬ್ಬಿ ಕೂರಿಸಿದ ಹುಡುಗಿ ಎರಡೆರಡು ಸಲ ಹೇಳಿ ಹೋಗಿದ್ದಳು, "ಯಾರೇ ನೋಡಿದರೂ ಮರೀಬೇಡಿ ಮೇಡಂ."

ಬಸವಾಪಟ್ಟಣದಿಂದ ನಮ್ಮ ಬೀಗರು ಬಂದಾಗ ನಾನು ಮರೆಯಲಿಲ್ಲ. ಅವರು ಟೀವಿಗೆ ಬೆನ್ನು ಹಾಕಿ ಅಡಿಕೆ ರೇಟಿನ ಮಾತಾಡುತ್ತಾ ಕೂತಿದ್ದರೂ ನಾಲ್ಕು ಜನ ಅತಿಥಿಗಳೆಂದು ಒತ್ತಿದೆ. ದುರುಗಕ್ಕನಿಗೆ ಒಂದು ದಿನವೂ ಒತ್ತಲಿಲ್ಲ. ಮರೆವಲ್ಲ. ಮೊದಲ ದಿನ ಆ ರಿಮೋಟು ಕೈಯಲ್ಲೇ ಇತ್ತು. ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತವಳು ಎಂಥ ಅತಿಥಿ ಎಂದುಕೊಂಡು ಅದನ್ನು ಟೀವಿಯ ಹಿಂದೆ ಇಟ್ಟೆ. ಆಮೇಲೆ ಅದೇ ರೂಢಿಯಾಯಿತು. ನಾನು ಅಡುಗೆಮನೆಯಲ್ಲಿರುತ್ತಿದ್ದರಿಂದ ನನ್ನ ಗುಂಡಿಯೂ ಇಲ್ಲ. ಆರೂವರೆಗೆ ನಮ್ಮ ಮನೆಯ ಟೀವಿ ಓಡುತ್ತದೆ, ಮುಂದೆ ಒಂದು ನರಪಿಳ್ಳೆಯೂ ಇಲ್ಲ ಎಂದೇ ಆ ಡಬ್ಬಿ ದಿನಾ ಹೇಳುತ್ತಿತ್ತು.

ನಾಲ್ಕನೇ ತಿಂಗಳಿಗೆ 'ನೂರೆಂಟು ತಟ್ಟೆ' ನಿಂತಿತು. ಕೊನೆಯ ಕಂತಿನ ಅರ್ಧ ಗಂಟೆಯಲ್ಲಿ ನೀಲವ್ವನಿಗೂ ಶಾಲೆಯ ಹೊಸ ಮೇಷ್ಟ್ರಿಗೂ ಮದುವೆ ಮಾಡಿಸಿದರು. ಎಲ್ಲರೂ ಸಾಲಾಗಿ ನಿಂತು ಕೈ ಮುಗಿದರು. ಅಕ್ಕಿಯ ಸುದ್ದಿಯೇ ಇಲ್ಲ. ದುರುಗಕ್ಕ ಜಾಹೀರಾತು ಶುರುವಾದರೂ ಎದ್ದಿರಲಿಲ್ಲ.

"ಮುಗೀತಾ?" ಎಂದಳು. "ಅಕ್ಕಿ ಯಾರು ಕದ್ರು ಅಂತ ಹೇಳ್ಲೇ ಇಲ್ವಲ್ರಿ?"

"ಮುಗೀತು ಕಣೆ."

"ಹೆಂಗೆ ಮುಗೀತೈತೆ? ಆಯಮ್ಮನ್ನ ಕಳ್ಳಿ ಅಂದ್ರು, ಆಮೇಲೆ ಮದಿವಿ ಮಾಡಿದ್ರು. ಕಳ್ಳಿ ಅಂದಿದ್ದು ಹಂಗೇ ಉಳೀತಲ್ಲ!"

ಮರುವಾರ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ನೋಡುವವರಿಲ್ಲದೆ ಧಾರಾವಾಹಿ ಬೇಗ ಮುಗಿಸಿದ್ದಾರೆಂದು ಬರೆದಿದ್ದರು. ಶಾಲೆಯ ಅಡುಗೆಕೋಣೆಯಲ್ಲಿ ಅದನ್ನು ಆಕೆಗೆ ಓದಿ ಹೇಳಿದೆ. ದುರುಗಕ್ಕ ಸೌಟು ಕೆಳಗಿಟ್ಟಳು.

"ನೋಡೋರೇ ಇರ್ಲಿಲ್ಲ ಅಂತಾರಾ? ನಾನು ನೋಡ್ತಿದ್ನಲ್ರಿ ಮೇಡಂ."

ನನಗೆ ತಡೆಯಲಾಗಲಿಲ್ಲ. ಡಬ್ಬಿಯ ವಿಷಯ, ಗುಂಡಿಯ ವಿಷಯ ಎಲ್ಲ ಹೇಳಿಬಿಟ್ಟೆ. ಒಂದು ಮನೆಯ ಗುಂಡಿಯಿಂದ ಧಾರಾವಾಹಿ ಉಳಿಯುತ್ತಿರಲಿಲ್ಲ, ಅದು ನನಗೂ ಗೊತ್ತು. ಹಿಂದಿನ ರಾತ್ರಿ ಹೇಳಿಕೊಂಡಾಗ ಮಹಾಂತೇಶ್ ಕೂಡ "ನೀನೇನು ಚಾನೆಲ್ ಮಾಲೀಕಳಾ?" ಎಂದು ನಕ್ಕಿದ್ದರು. ಆದರೂ ಹೇಳಿದೆ.

"ಎಷ್ಟು ಸಲ ಒತ್ತಬೇಕಿತ್ರಿ?" ಎಂದಳು.

"ದಿನಕ್ಕೊಂದು ಸಲ."

"ಮರೀತಿದ್ರಾ?"

"ಹೂಂ" ಎಂದೆ. ಅಲ್ಲೂ ಸುಳ್ಳು ಹೇಳಿದೆ ನೋಡಿ.

"ದಿನಾ ಮರೀತಿದ್ರಾ?" ಎಂದಳು. ಆಕೆ ಸಾಂಬಾರಿಗೆ ಉಪ್ಪು ಹಾಕಿ, ಕಲಕಿ, ಬೆನ್ನು ತಿರುಗಿಸಿಕೊಂಡೇ ಕೇಳಿದಳು. "ಹೋಗ್ಲಿ ಬಿಡ್ರಿ, ಟೀವಿದು ಟೀವಿಗೆ ಆತು. ನೀವೇ ಹೇಳ್ರಿ, ನಾನು ಬೇಳೆ ಕದ್ದಿದ್ನಾ?"

"ಇಲ್ಲ ದುರುಗಕ್ಕ. ಮೂಟೆನೇ ಕಮ್ಮಿ ಬಂದಿತ್ತು. ತೂಕ ಹಾಕದೆ ಸಹಿ ಮಾಡಿದ್ದೆ. ಅವತ್ತೇ ನಂಗೆ ಗೊತ್ತಿತ್ತು."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆಕೆ ಒಲೆಯ ಉರಿ ತಗ್ಗಿಸಿದಳು. "ಒಲೆ ಮುಂದೆ ಹೇಳಿದ್ರೆ ಯಾರು ಕೇಳ್ತಾರ್ರಿ ಮೇಡಂ? ಅವತ್ತು ಅವರ ಮುಂದೆ ಹೇಳ್ಬೇಕಿತ್ತು."

ಶನಿವಾರ ಅದೇ ಆಫೀಸ್ ರೂಮಿನಲ್ಲಿ ಶಾಲಾ ಸಮಿತಿಯ ಸಭೆ ಇತ್ತು. ಗೋಣೆಪ್ಪನವರು ಈಗ ಅಧ್ಯಕ್ಷರು. ಕಾಂಪೌಂಡಿನ ಮಾತು, ನೀರಿನ ಟ್ಯಾಂಕಿನ ಮಾತು ಎಲ್ಲ ಆಯಿತು. ದುರುಗಕ್ಕ ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದಾಗ ನಾನು ಎದ್ದು ನಿಂತೆ.

"ಆರು ವರ್ಷದ ಹಿಂದೆ ತೊಗರಿಬೇಳೆ ಕಮ್ಮಿ ಬಂದಿತ್ತಲ್ಲ, ಅದು ನನ್ನ ತಪ್ಪು. ತೂಕ ಹಾಕದೆ ಸಹಿ ಮಾಡಿದ್ದೆ. ದುರುಗಕ್ಕ ಒಂದು ಕಾಳೂ ಮುಟ್ಟಿಲ್ಲ. ಇದು ನಡಾವಳಿಯಲ್ಲಿ ಬರೆಯಬೇಕು" ಎಂದೆ.

ಗೋಣೆಪ್ಪನವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಯಾವ ಬೇಳೆ ರೀ ಮೇಡಂ?"

ತಮಾಷೆಗೆ ಕೇಳಲಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಪಕ್ಕದವರ ಮುಖ ನೋಡಿದರು, ಅವರಿಗೂ ಇಲ್ಲ. ಇಡೀ ರೂಮಿನಲ್ಲಿ ಒಬ್ಬರಿಗೂ ನೆನಪಿರಲಿಲ್ಲ.

ದುರುಗಕ್ಕ ಒಳಗೆ ಬಂದು ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ನಾಕು ಕೆಜಿ ತೊಗರಿಬೇಳೆ ರೀ ಗೋಣೆಪ್ಪಾರೆ" ಎಂದಳು. ದನಿ ಏರಿರಲಿಲ್ಲ. "ಶುಕ್ರವಾರ, ಊಟದ ಬೆಲ್ ಆದ ಮ್ಯಾಲೆ. ನೀವು ಈ ಕುರ್ಚಿಯಾಗೇ ಕುಂತಿದ್ರಿ. ನನ್ನ ಬ್ಯಾಗು ಬೋರಲು ಹಾಕಿದ್ರಿ. ಅದ್ರಾಗೆ ನನ್ನ ಮಗಳ ಲಂಗ ಇತ್ತು, ದರ್ಜಿಗೆ ಕೊಡಾಕೆ ಅಂತ ಇಟ್ಕಂಡಿದ್ದೆ. ಅವ್ಳು ಆಗ ತಾನೇ ದೊಡ್ಡೋಳಾಗಿದ್ಲು. ಅದು ಇಲ್ಲೇ ನೆಲದ ಮ್ಯಾಲೆ ಬಿತ್ತು, ಎಲ್ಲಾರು ನೋಡಿದ್ರು. ಒಬ್ರೂ ಎತ್ತಿ ಕೊಡಲಿಲ್ಲ."

'ಒಬ್ರೂ' ಎನ್ನುವಾಗ ಆಕೆ ಗೋಣೆಪ್ಪನವರನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.