ಅಕ್ಕನ ಕಾಗದ ಓದಿದ ಹುಡುಗ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹುಳುಗಳಿಗೇ ಜಾಗ ಹೆಚ್ಚಾಗಿತ್ತು. ಮಾಲೂರು ಸೀಮೆಯಲ್ಲಿ, ಟೇಕಲ್ ರೈಲು ಸ್ಟೇಷನ್ನಿನಿಂದ ನಾಲ್ಕು ಮೈಲಿ ದೂರದ ಹಳ್ಳಿ ನಮ್ಮದು. ಅಪ್ಪ ರೇಷ್ಮೆ ಹುಳು ಸಾಕುತ್ತಿದ್ದ. ಒಳಗಿನ ದೊಡ್ಡ ಕೋಣೆಯಲ್ಲಿ ಬಿದಿರಿನ ತಟ್ಟೆಗಳು ನೆಲದಿಂದ ಜಂತೆಯವರೆಗೆ ಇರುತ್ತಿದ್ದವು. ನಾವು ಮಲಗುತ್ತಿದ್ದುದು ಪಡಸಾಲೆಯಲ್ಲಿ. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ನಾವು ಉಣ್ಣುವ ಮುದ್ದೆಗೂ ಹತ್ತಿರುತ್ತಿತ್ತು. ಅಮ್ಮ ನಾನು ಎಳೆಗೂಸಾಗಿದ್ದಾಗಲೇ ತೀರಿಹೋಗಿದ್ದಳು. ನನ್ನನ್ನು ಉಣ್ಣಿಸಿ, ತಲೆ ಬಾಚಿ, ಬೆಳೆಸಿದವಳು ಅಕ್ಕ. ಮದುವೆಯಾದ ಮೇಲೆ ಅವಳು ಗಂಡನ ಜೊತೆ ಚಿನ್ನದ ಗಣಿಯ ಊರಿಗೆ ಹೋಗಿದ್ದಳು.

ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅವನ ಕಿವಿ ಬಲು ಚುರುಕು. ಹುಳುಗಳು ಸೊಪ್ಪು ತಿನ್ನುವಾಗ ಹೆಂಚಿನ ಮೇಲೆ ಜಿಟಿಜಿಟಿ ಮಳೆ ಬಿದ್ದಂತೆ ಸದ್ದಾಗುತ್ತದೆ. ಅಪ್ಪ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು ಕೇಳುತ್ತಿದ್ದ. ಸದ್ದು ನಿಲ್ಲದೆ ಬಂದರೆ ಹುಳು ಆರೋಗ್ಯವಾಗಿವೆ ಎಂದು ಅರ್ಥ. ಯಾವುದೋ ತಟ್ಟೆಯಲ್ಲಿ ಸದ್ದು ಕಡಿಮೆಯಾದರೆ ಅಲ್ಲಿ ರೋಗ ಬಂದಿದೆ ಎಂದು ಅರ್ಥ. ನನ್ನ ಓದನ್ನೂ ಅಪ್ಪ ಹೀಗೇ ಪರೀಕ್ಷೆ ಮಾಡುತ್ತಿದ್ದ. ದಿನಾ ಸಂಜೆ ಅವನು ತಟ್ಟೆಗಳಿಗೆ ಸೊಪ್ಪು ಹಾಕುವಾಗ ನಾನು ಹೊಸ್ತಿಲ ಮೇಲೆ ಕೂತು ಮೂರನೇ ತರಗತಿಯ ಪುಸ್ತಕ ಗಟ್ಟಿಯಾಗಿ ಓದಬೇಕು. ಎಲ್ಲೂ ನಿಲ್ಲಿಸದೆ ಓದಿದರೆ ಹುಡುಗ ಜಾಣ.

ನಿಜ ಹೇಳಬೇಕೆಂದರೆ ನನಗೆ ಓದಲು ಬರುತ್ತಲೇ ಇರಲಿಲ್ಲ. ಹುಳುಗಳು ಗೂಡು ಕಟ್ಟುವ ಮುಂಚಿನ ದಿನಗಳಲ್ಲಿ ಅವುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆಗ ನಾನು ಸ್ಕೂಲು ಬಿಟ್ಟು ಸೊಪ್ಪು ಕೊಯ್ಯಲು ಹೋಗುತ್ತಿದ್ದೆ. ಹಿಂದಿನ ವರ್ಷ ಹಾಗೆ ಹೋದಾಗಲೇ ಮೇಷ್ಟ್ರು ಒತ್ತಕ್ಷರಗಳನ್ನು ಕಲಿಸಿ ಮುಗಿಸಿಬಿಟ್ಟಿದ್ದರು. ತಿರುಗಿ ಹೇಳಿಕೊಡಿ ಎಂದು ಕೇಳಲು ಬೆತ್ತದ ಭಯ. ಬೇರೆ ಹುಡುಗರು ಓದುವುದನ್ನು ಕೇಳಿ ಬಾಯಿಪಾಠ ಮಾಡಿಕೊಂಡು, ಮನೆಯಲ್ಲಿ ಪುಸ್ತಕ ಹಿಡಿದು ಗಡಗಡ ಒಪ್ಪಿಸುತ್ತಿದ್ದೆ. ಮರೆತ ಕಡೆ ಬಾಯಿಗೆ ಬಂದದ್ದನ್ನು ಸೇರಿಸುತ್ತಿದ್ದೆ. ಅಪ್ಪ ತಲೆದೂಗುತ್ತಿದ್ದ. ಅಪ್ಪನಿಗೆ ಏನೂ ಗೊತ್ತಾಗುವುದಿಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಮಕ್ಕಳೇ, ಇದನ್ನು ಹೇಳುವಾಗ ಈ ವಯಸ್ಸಿನಲ್ಲೂ ನನಗೆ ನಾಚಿಕೆಯಾಗುತ್ತದೆ.

ಒಂದು ದಿನ ಅಕ್ಕನ ಕಾರ್ಡು ಬಂತು. ಯಾವಾಗಲೂ ಅಂಚೆಯವರೇ ಓದಿ ಹೇಳುತ್ತಿದ್ದರು. ಅವತ್ತು ಅಪ್ಪ, "ನಮ್ ಹುಡುಗನೇ ಓದ್ತಾನೆ ಬಿಡಿ ಸ್ವಾಮಿ," ಎಂದು ಹೆಮ್ಮೆಯಿಂದ ಅವರನ್ನು ಕಳಿಸಿಕೊಟ್ಟ. ಕಾರ್ಡು ನನ್ನ ಕೈಗೆ ಬಂತು. ಯಾರಿಂದಲೋ ಬರೆಸಿದ್ದು; ಒಂದಕ್ಕೊಂದು ಕೂಡಿಕೊಂಡ ಅಕ್ಷರ, ತುಂಬ ಒತ್ತುಗಳು. ಒಂದು ಸಾಲೂ ತಿಳಿಯಲಿಲ್ಲ. ಆದರೆ ನಿಲ್ಲಿಸುವಂತಿಲ್ಲವಲ್ಲ! "ನಾವೆಲ್ಲ ಕ್ಷೇಮ, ಮಗು ಚೆನ್ನಾಗಿದೆ, ಹಬ್ಬಕ್ಕೆ ಬರುತ್ತೇವೆ, ತಮ್ಮನನ್ನು ಕೇಳಿದೆ ಎಂದು ಹೇಳಿ," ಎಂದು ಒಂದೇ ಉಸಿರಿಗೆ ಓದಿಬಿಟ್ಟೆ. ಅಪ್ಪ ಕಾರ್ಡನ್ನು ಜಂತೆಗೆ ಸಿಕ್ಕಿಸಿ ನನ್ನ ಕೈಗೆ ಒಂದು ಚೂರು ಬೆಲ್ಲ ಕೊಟ್ಟ.

ಆ ಶುಕ್ರವಾರ ನಾನು ಸ್ಕೂಲಿನಿಂದ ಬಂದು ಜಗಲಿಯ ಮೇಲೆ ಕೂತಿದ್ದೆ. ಹೊತ್ತು ಇಳಿಯುತ್ತಿತ್ತು. ದಾರಿಯಲ್ಲಿ ಯಾರೋ ಹೆಂಗಸು ಕುಂಟುತ್ತಾ ಬರುವುದು ಕಾಣಿಸಿತು. ಹತ್ತಿರ ಬಂದಾಗ ನೋಡಿದರೆ ಅಕ್ಕ! ತಲೆಯ ಮೇಲೆ ಗಂಟು, ಸೆರಗಿನೊಳಗೆ ಮಗು. ಕಾಲು ಮೊಣಕಾಲಿನವರೆಗೆ ಧೂಳಾಗಿತ್ತು, ಹಿಮ್ಮಡಿ ಒಡೆದು ರಕ್ತ ಬಂದಿತ್ತು. ಅತ್ತು ಅತ್ತು ಮಗುವಿನ ದನಿಯೇ ಬಿದ್ದುಹೋಗಿತ್ತು. ಅಪ್ಪ ಓಡಿಬಂದು ಮಗುವನ್ನು ಎತ್ತಿಕೊಂಡ. ಅದರ ಮೈ ಕೆಂಡದಂತೆ ಸುಡುತ್ತಿತ್ತು.

"ಯಾಕಪ್ಪಾ ಗಾಡಿ ಕಳಿಸ್ಲಿಲ್ಲ?" ಎಂದು ಅಕ್ಕ ಅತ್ತೇಬಿಟ್ಟಳು. "ಮಗೂಗೆ ಮೈ ಸರಿಯಿಲ್ಲ, ಶುಕ್ರವಾರ ಬೆಳಗಿನ ರೈಲಿಗೆ ಒಬ್ಬಳೇ ಬರ್ತೀನಿ ಅಂತ ಬರೆಸಿದ್ನಲ್ಲಾ! ಮಧ್ಯಾಹ್ನದ ತನಕ ಸ್ಟೇಷನ್ನಲ್ಲೇ ಕಾದೆ."

ಅಪ್ಪ ನನ್ನ ಕಡೆ ತಿರುಗಿದ. ನಾನು ನೆಲ ನೋಡಿದೆ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅಪ್ಪ ಅಕ್ಕನಿಗೆ ಹೇಳಿದ: "ಕಾಗದ ಬರ್ಲಿಲ್ಲ ಕಣಮ್ಮ."

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಗುವಿಗೆ ಕಷಾಯ ಕುಡಿಸಿ ಮಲಗಿಸಿದ ಮೇಲೆ, ಜಂತೆಯಲ್ಲಿದ್ದ ಕಾರ್ಡನ್ನು ಅಕ್ಕನಿಗೆ ಕಾಣದಂತೆ ತೆಗೆದುಕೊಂಡು ನನ್ನನ್ನು ಹಿತ್ತಲಿಗೆ ಕರೆದ. ಚೆನ್ನಾಗಿ ಏಟು ಬೀಳುತ್ತದೆ ಅಂದುಕೊಂಡೆ. ಬಿದ್ದಿದ್ದರೆ ಮನಸ್ಸಾದರೂ ಹಗುರವಾಗುತ್ತಿತ್ತು. ಅಪ್ಪ ಕಲ್ಲಿನ ಮೇಲೆ ಕೂತು ಕೇಳಿದ್ದು ಇಷ್ಟೇ: "ಯಾವಾಗಿಂದ ಓದಕ್ಕೆ ಬರಲ್ಲ?"

"ಸೊಪ್ಪು ಕೊಯ್ಯಕ್ಕೆ ನಿಂತಾಗಿಂದ," ಎಂದೆ.

ಅಪ್ಪ ಬೆರಳಿಗೆ ಅಂಟಿದ್ದ ಸೊಪ್ಪಿನ ಕರೆಯನ್ನು ಕಲ್ಲಿಗೆ ಉಜ್ಜಿದ. ಆಮೇಲೆ, "ಸ್ಕೂಲು ಬಿಡಿಸಿದ್ದು ನಾನೇ. ನೀನು ನಿಲ್ದೆ ಓದಿದ್ರೆ ಬರುತ್ತೆ ಅಂದ್ಕೊಂಡೆ. ಇನ್ಮೇಲೆ ಗೊತ್ತಾಗ್ದೆ ಇರೋ ಕಡೆ ನಿಲ್ಲು ಕಣೋ. ನಾನು ಬೈಯಲ್ಲ, ಕಾಯ್ತೀನಿ," ಎಂದ.

ಮಾರನೆಯ ದಿನ ಅಪ್ಪ ಹೆಗಲ ಟವಲು ತೆಗೆದು ಮೇಷ್ಟ್ರ ಮುಂದೆ ನಿಂತು, ಹುಡುಗನಿಗೆ ಒತ್ತಕ್ಷರದಿಂದ ತಿರುಗಿ ಹೇಳಿಕೊಡಿ ಎಂದು ಕೇಳಿಕೊಂಡ. ನನ್ನನ್ನು ಸೊಪ್ಪಿಗೆ ಕಳಿಸುವುದನ್ನು ಬಿಟ್ಟ. ಸಂಜೆ ನಾನು ಸಾಲಿಗೆ ನಾಲ್ಕು ಸಲ ನಿಲ್ಲುತ್ತಿದ್ದೆ. ಪ್ರತಿ ಸಲವೂ ಅಪ್ಪ ಸೊಪ್ಪಿನ ಕುಕ್ಕೆ ಕೆಳಗಿಟ್ಟು ಸುಮ್ಮನೆ ಕಾಯುತ್ತಿದ್ದ. ಹಾಗೆ ನನಗೆ ಓದು ಬಂತು. ಮಗುವೂ ವಾರದೊಳಗೆ ಚೇತರಿಸಿಕೊಂಡು ಆಡತೊಡಗಿತು.

ಆದರೆ ಅಂಚೆಯವರು ಮತ್ತೆ ಬಂದರಲ್ಲ! ಅಕ್ಕ ಬೀದಿಯಲ್ಲೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದಳು. ಕಾರ್ಡನ್ನು ಅಪ್ಪನ ಕೈಗೇ ಕೊಟ್ಟಿದ್ದ ಮನುಷ್ಯ ಅವರು. ಒಮ್ಮೆ ಅಪ್ಪನ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. "ಎಲ್ಲೋ ತಪ್ಪೋಗಿರ್ಬೇಕು ತಾಯಿ," ಎಂದು ಚೀಲ ಹೆಗಲಿಗೇರಿಸಿಕೊಂಡು ಹೊರಟರು. ಅಪ್ಪ ಊರ ಬಾಗಿಲ ತನಕ ಅವರ ಹಿಂದೆ ಹೋಗಿ ಕೈ ಮುಗಿದದ್ದನ್ನು ನಾನು ಕಂಡೆ. ನನ್ನಿಂದಾಗಿ ಇಬ್ಬರು ದೊಡ್ಡವರು ತಲೆ ತಗ್ಗಿಸಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತು ಸುಮ್ಮನಿದ್ದೆ.

ಈಗ ನಿಮ್ಮ ಸ್ಕೂಲಿನಿಂದ ನಿಮ್ಮ ಅಮ್ಮಂದಿರ ಫೋನಿಗೇ ಸಮಾಚಾರ ಬರುತ್ತದೆ. ನಿಮ್ಮ ಅಪ್ಪಂದಿರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ನಿಮ್ಮ ಜೊತೆ ಲೆಕ್ಕ ಮಾಡುತ್ತಾರೆ. ನೀವು ಬಾಯಲ್ಲಿ ದೋಸೆ ಇಟ್ಟುಕೊಂಡೇ, "ನಂಗೆ ಇದು ಬರಲ್ಲ," "ನಾನೇ ತಪ್ಪು ಮಾಡ್ದೆ," ಎಂದು ಎಷ್ಟು ಸಲೀಸಾಗಿ ಹೇಳಿಬಿಡುತ್ತೀರಿ. ನಮ್ಮ ಕಾಲದ ಮಕ್ಕಳಿಗೆ ಆ ಧೈರ್ಯ ಇರಲಿಲ್ಲ. ಅಕ್ಕ ಎಂಬತ್ತು ದಾಟಿದ ಮೇಲೂ ಆ ನಾಲ್ಕು ಮೈಲಿಯ ಕತೆ ಹೇಳಿ ಅಂಚೆಯವರನ್ನು ಬೈಯುತ್ತಿದ್ದಳು. ಬೈದು ಮುಗಿಸಿ ನನ್ನ ಬೋಳುತಲೆ ಸವರುತ್ತಿದ್ದಳು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ನೀವು ದಿನಕ್ಕೆ ಹತ್ತು ಸಲ ಹೇಳುವ ಮಾತು, ಅಕ್ಕ ಇರುವ ತನಕ ಒಂದು ಸಲವೂ ನನ್ನ ಬಾಯಿಂದ ಬರಲಿಲ್ಲ.