ಸಿವಿಯೊ ಕಚ್ಚಿಟ್ಟ ರೊಟ್ಟಿ

ನಮ್ಮ ಬುಖಾರಾದಲ್ಲಿ ಸಿವಿಯೊ ಬರದೆ ಮದುವೆಮನೆಗೆ ಕಳೆಯೇ ಇರುತ್ತಿರಲಿಲ್ಲ. ಅವಳು ಯೆಹೂದಿ, ನಾವು ಮುಸಲ್ಮಾನರು. ಆದರೂ ಹೆಂಗಸರ ಅಂಗಳದಲ್ಲಿ ಕೂತು ದಮ್ಮಡಿ ಬಾರಿಸುತ್ತ ಹಾಡುವುದು ಅವಳ ಮನೆತನದ ಕಸುಬು. ಅವಳ ಅಜ್ಜಿ ನನ್ನ ಅಜ್ಜಿಯನ್ನು ಹಾಡಿ ಗಂಡನ ಮನೆ ತುಂಬಿಸಿದ್ದಳಂತೆ. ಚಳಿಗಾಲದಲ್ಲಿ ದಮ್ಮಡಿಯ ಚರ್ಮವನ್ನು ಕೆಂಡದ ಮೇಲೆ ಹಿಡಿದು ಕಾಯಿಸುತ್ತ, "ಇದಕ್ಕೂ ನನಗೂ ಒಂದೇ ಕಾಯಿಲೆ, ಬೆಚ್ಚಗಾಗದೆ ಬಾಯಿ ಬಿಡೋಲ್ಲ" ಅನ್ನುತ್ತಿದ್ದಳು. ಬೇಗ ಚಹಾ ತನ್ನಿರೇ ಎಂದು ಅದರರ್ಥ.

ನಾನು ಸಾಲೊಮತ್. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣ ಹಿಕ್ಮತ್‌ನ ಮನೆಗೆ ಬಂದು ಬಿದ್ದವಳು. ಆ ಮನೆಗೂ ಸಿವಿಯೊಳ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ. ಅವಳೂ ವಿಧವೆ, ಒಬ್ಬಳೇ ಮಗಳು, ಬುಲೋರ್. ವಯಸ್ಸಿನಲ್ಲಿ ನನಗಿಂತ ಹಿರಿಯಳಾದ್ದರಿಂದ ಅಕ್ಕ ಅನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಅವಳು ಚಹಾ, ಹಣ್ಣು, ಬಾದಾಮಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಅವರ ಮಡಿ ಅವರಿಗೆ. ನನಗೆ ಅಂಥದ್ದೇನೂ ಇರಲಿಲ್ಲ. ಅವಳ ಮನೆಯ ಮೀನಿನ ಸಾರಿಗೆ ಕರೆಯದೇ ಹೋಗಿ ಕೂರುತ್ತಿದ್ದೆ.

ಅತ್ತಿಗೆ ಇನೋಯತ್‌ನನ್ನು ಹೆತ್ತಾಗ ತೊಟ್ಟಿಲ ಶಾಸ್ತ್ರಕ್ಕೆ ಹಾಡಿದವಳೂ ಸಿವಿಯೊನೇ. ತೊಟ್ಟಿಲ ಮೇಲೆ ಕೈಯಿಟ್ಟು, "ಇವನ ಮದುವೇಲೂ ನನ್ನದೇ ದಮ್ಮಡಿ ಕಣೇ, ಬೇರೆ ಯಾರನ್ನಾದ್ರೂ ಕರೆದ್ಯೋ, ನಿನ್ನ ಮನೆ ಬಾಗಿಲಲ್ಲೇ ಕೂತು ಅಳ್ತೀನಿ" ಎಂದು ಅತ್ತಿಗೆಗೆ ಮಾತು ಕೊಟ್ಟಳು. ನಮ್ಮಲ್ಲಿ ತೊಟ್ಟಿಲ ಮೇಲೆ ಕೊಟ್ಟ ಮಾತನ್ನು ಯಾರೂ ತಪ್ಪುವುದಿಲ್ಲ. ಅತ್ತಿಗೆ ಬಹಳ ದಿನ ಬದುಕಲಿಲ್ಲ. ಮಾತು ಮಾತ್ರ ಉಳಿಯಿತು.

ಇನೋಯತ್ ಬೆಳೆದ, ಗೋಡೆಯಾಚೆ ಬುಲೋರ್ ಬೆಳೆದಳು. ಗೋಡೆ ಎಷ್ಟು ಗಿಡ್ಡವೆಂದು ನಮಗೆ ದೊಡ್ಡವರಿಗೆ ತಿಳಿದದ್ದು ತಡವಾಗಿ. ಒಬ್ಬರ ಬಳಿ ಇನ್ನೊಬ್ಬರು ಸಾಸಿವೆ ಕಡ ತರುವ ಮಕ್ಕಳು ಮುಂದೊಂದು ದಿನ ಮನಸ್ಸನ್ನೂ ಕೊಟ್ಟುಕೊಂಡಾರೆಂದು ನಮಗೆ ಹೊಳೆಯಲೇ ಇಲ್ಲ. ಸುದ್ದಿ ಹೊರಬಿದ್ದಾಗ ಎರಡೂ ಮನೆಗಳಲ್ಲಿ ಒಂದೇ ಸಲಕ್ಕೆ ಬೆಂಕಿ ಬಿತ್ತು. ಸಿವಿಯೊಳ ಅಣ್ಣ ಮನಾಶ್‌ನ ಜೊತೆ ದಿನಾ ಚಹಾ ಕುಡಿಯುತ್ತಿದ್ದ ನನ್ನ ಅಣ್ಣ ಚಹಾದಂಗಡಿಯ ಹಾದಿಯನ್ನೇ ಬಿಟ್ಟ. "ಹುಡುಗಿ ಕಲಿಮಾ ಹೇಳಿ ನಮ್ಮ ಧರ್ಮಕ್ಕೆ ಬಂದರೆ ಸೊಸೆ, ಇಲ್ಲಾಂದ್ರೆ ಮಗನೂ ಬೇಡ" ಎಂದ. ನಾನೂ ಬೇಡವೆಂದೇ ಹೇಳಿದೆ. ಸಿವಿಯೊಳ ಹಾಡು ಬೇಕು, ಮೀನು ಬೇಕು, ಮಗಳು ಮಾತ್ರ ಬೇಡ! ನಮ್ಮ ನೆರೆಹೊರೆಯ ಪ್ರೀತಿ ಅಷ್ಟೇ ಉದ್ದದ್ದು.

ಸಿವಿಯೊಳ ಭಯ ಬೇರೆ. ಹಿಂದೆ ಬುಖಾರಾ ಆಳುತ್ತಿದ್ದ ಅಮೀರರ ಕಾಲದಲ್ಲಿ ಬಲವಂತಕ್ಕೆ ಧರ್ಮ ಬಿಟ್ಟ ಯೆಹೂದಿಗಳನ್ನು ನಮ್ಮೂರಲ್ಲಿ ಚಾಲಾ ಅನ್ನುತ್ತಾರೆ, ಎಡಬಿಡಂಗಿಗಳು ಅಂತ. ಅವಳ ತಾಯಿಯ ಕಡೆ ಒಬ್ಬ ಹಾಗಾಗಿದ್ದ. ಅವನು ಸತ್ತಾಗ ಅವರ ಸ್ಮಶಾನದಲ್ಲೂ ಜಾಗ ಕೊಡಲಿಲ್ಲ, ನಮ್ಮದರಲ್ಲೂ ಕೊಡಲಿಲ್ಲ.

"ಅವನನ್ನ ಹೊಡೆದು ಬಡಿದು ಮಾಡಿದ್ರು. ನೀನು ನಗ್ತಾ ನಗ್ತಾ ಹೋಗ್ತಿದ್ದೀಯಲ್ಲೇ," ಎಂದು ಮಗಳನ್ನು ಕೇಳಿದಳು. ಗೋಡೆಯ ಈ ಕಡೆ ನನಗೆ ಒಂದೊಂದು ಮಾತೂ ಕೇಳುತ್ತಿತ್ತು.

"ಗೋಡೆ ಆಚೆಗೆ ತಾನೇ ಅಮ್ಮಾ ಹೋಗ್ತಿರೋದು," ಅಂದಳು ಬುಲೋರ್.

"ಗೋರಿಯೂ ಅಷ್ಟೇ ಹತ್ತಿರ ಕಣೇ."

ಬುಲೋರ್ ಕಲಿಮಾ ಹೇಳಿದಳು. ಮದುವೆ ಗೊತ್ತಾಯಿತು. ಅಣ್ಣ ಬೇರೆ ಊರಿಂದ ಹಾಡುವವಳನ್ನು ಕರೆಸಿದ. ಹೆಂಗಸರೆಲ್ಲ ಅಂಗಳದಲ್ಲಿ ಸೇರಿದ್ದಾಗ ಬಾಗಿಲು ತೆರೆಯಿತು. ಜರಿಯ ನಿಲುವಂಗಿ ಹಾಕಿಕೊಂಡು, ಬಗಲಲ್ಲಿ ದಮ್ಮಡಿ ಇಟ್ಟುಕೊಂಡು ಸಿವಿಯೊ ನಿಂತಿದ್ದಳು.

ನಾನು ಓಡಿ ಹೋಗಿ ಕೈ ಹಿಡಿದೆ. "ಅಕ್ಕಾ, ಒಪ್ಪಿಕೊಂಡ್ಯಾ?"

"ಏನನ್ನ ಒಪ್ಪಿಕೊಳ್ಳೋದು? ಮಾತು ಕೊಟ್ಟಿದ್ದೆ, ಬಂದಿದ್ದೀನಿ. ಇದು ಇನೋಯತ್‌ನ ಮದುವೆ. ಹುಡುಗಿ ಯಾರೋ ನನಗೆ ಗೊತ್ತಿಲ್ಲ," ಎಂದು ಕೈ ಬಿಡಿಸಿಕೊಂಡಳು. "ಕೆಂಡ ಎಲ್ಲಿ?"

ಅವತ್ತು ಹಾಡಿದ ಹಾಗೆ ಅವಳು ಎಂದೂ ಹಾಡಿರಲಿಲ್ಲ. ನಮ್ಮಲ್ಲಿ ಸಲಾಮಿನ ಹಾಡು ಅಂತಿದೆ. ಮುಸುಕು ಹಾಕಿದ ಮದುವಣಗಿತ್ತಿ ನಿಂತಿರುತ್ತಾಳೆ. ಹಾಡುವವಳು ಗಂಡನ ಮನೆಯ ಒಬ್ಬೊಬ್ಬರ ಹೆಸರನ್ನೂ ಹಾಡಿ ಕರೆಯುತ್ತಾಳೆ. ಹೆಸರು ಹೆಸರಿಗೂ ಹುಡುಗಿ ಬಗ್ಗಿ ಸಲಾಂ ಮಾಡಬೇಕು. ಸಿವಿಯೊ ನನ್ನ ಅಣ್ಣನ ಹೆಸರು ಕರೆದಳು, ಮುಸುಕು ಬಗ್ಗಿತು. ನನ್ನ ಹೆಸರು ಕರೆದಳು, ಬಗ್ಗಿತು. ಸತ್ತುಹೋದ ಅತ್ತಿಗೆಯ ಹೆಸರು ಕರೆಯುವಾಗ ದನಿ ಒಂದಿಷ್ಟು ಒಡೆಯಿತು, ಆದರೆ ತಾಳ ತಪ್ಪಲಿಲ್ಲ. ಕೊನೆಯ ಸಲಾಂ ಹಾಡಿದವಳಿಗೆ. ಬುಲೋರ್ ಬಗ್ಗಿದವಳು ಏಳಲೇ ಇಲ್ಲ. ಮುಸುಕಿನೊಳಗೆ ಭುಜ ಅದುರುವುದು ಎಲ್ಲರಿಗೂ ಕಾಣುತ್ತಿತ್ತು. ಆಮೇಲೆ ಹಾಡುವವಳೇ ಮುಸುಕೆತ್ತಿ, ಹುಡುಗಿಯ ಹೆಸರನ್ನು ಹೊಸಮನೆಯಲ್ಲಿ ಮೊದಲ ಸಲ ಕೂಗಬೇಕು. ಸಿವಿಯೊ ಮುಸುಕಿನ ತನಕ ಕೈ ಚಾಚಿದಳು. ಚಾಚಿದ ಕೈ ಹಿಂದಕ್ಕೆ ಬಂತು.

"ಸಾಲೊಮತ್, ನೀನು ಎತ್ತು," ಎಂದಳು. ನಾನು ಎತ್ತುವ ಹೊತ್ತಿಗೆ ಅವಳು ಬೆನ್ನು ತಿರುಗಿಸಿ ನಡೆದಾಗಿತ್ತು. ದಮ್ಮಡಿ ನಮ್ಮ ಅಂಗಳದಲ್ಲೇ ಬಿದ್ದಿತ್ತು.

ಮಾರನೆಯ ದಿನ ಅವಳ ಮನೆಗೆ ಯೆಹೂದಿಗಳೆಲ್ಲ ಬೇಯಿಸಿದ ಮೊಟ್ಟೆ ಹಿಡಿದುಕೊಂಡು ಬರತೊಡಗಿದರು. ಅದು ಅವರ ಸಾವಿನ ಮನೆಯ ಊಟ. ಹೋಗಿ ನೋಡಿದರೆ, ನಿಲುವಂಗಿಯ ಕೊರಳಪಟ್ಟಿ ಹರಿದುಕೊಂಡು ನೆಲದ ಮೇಲೆ ಕೂತಿದ್ದಾಳೆ. ಪಕ್ಕದಲ್ಲಿ ಮನಾಶ್. ನನಗೆ ಮೈಯೆಲ್ಲ ಉರಿಯಿತು.

"ಯಾರು ಸತ್ತಿದ್ದಾರೆ ಅಕ್ಕಾ ಇಲ್ಲಿ?"

"ನನ್ನ ಮಗಳು."

"ನಿನ್ನ ಮಗಳು ನಮ್ಮನೇಲಿ ಪಲಾವಿಗೆ ಗಜ್ಜರಿ ಹೆಚ್ತಾ ಕೂತಿದ್ದಾಳೆ. ಬಾ, ತೋರಿಸ್ತೀನಿ!"

ಮನಾಶ್ ಎದ್ದ. ಅವಳು ಅವನನ್ನು ಕೈಸನ್ನೆಯಲ್ಲೇ ಕೂರಿಸಿ ನನ್ನನ್ನು ನೋಡಿದಳು. "ಬೈಕೋ ತಂಗೀ. ಆದರೆ ಕೂತುಕೊಂಡು ಬೈಕೋ. ದುಃಖದ ಮನೇಲಿ ನಿಂತಿರಬಾರದು." ನಾನು ಕೂತೆ. ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ.

ಅವರಲ್ಲಿ ಸಾವಿಗೆ ನೆಲದ ಮೇಲೆ ಕೂರುವ ಏಳು ದಿನ ಕಳೆಯಿತು. ಆದರೆ ಅವಳ ಸೂತಕ ಕಳೆಯಲಿಲ್ಲ. ದುಃಖದಲ್ಲಿದ್ದವರು ಹಾಡಬಾರದೆಂಬುದು ಅವರ ಕಟ್ಟಳೆ. ಅವಳು ಮತ್ತೆಂದೂ ಹಾಡಲಿಲ್ಲ. ಊರಿನ ಹೆಣ್ಣುಮಕ್ಕಳೆಲ್ಲ ಬೇರೆಯವರ ಹಾಡಿಗೆ ಮದುವೆಯಾದರು. ದಮ್ಮಡಿ ಕೊಡಲು ಹೋದರೆ, "ಅದನ್ನ ಬಾರಿಸ್ತಿದ್ದವಳೂ ಸತ್ತಳು. ಸತ್ತವರ ಸಾಮಾನು ಮನೆಗೆ ಬೇಡ" ಅಂದಳು.

ಗೋಡೆ ಅಲ್ಲೇ ಇತ್ತು. ಈ ಕಡೆ ಬುಲೋರ್ ಕೆಮ್ಮಿದರೆ ಆ ಕಡೆ ಬಾವಿಯ ರಾಟೆ ಗಕ್ಕನೆ ನಿಲ್ಲುತ್ತಿತ್ತು. ಬುಲೋರ್‌ಗೆ ಹೆರಿಗೆಯಾದ ದಿನ ಆ ಕಡೆ ಬೆಳಗಿನಿಂದ ಒಲೆ ಹೊತ್ತಿರಲಿಲ್ಲ. ಮಗು ಅತ್ತ ದನಿ ಕೇಳಿದ ಮೇಲೆ ಹೊಗೆ ಕಾಣಿಸಿತು. ನಾನು ಬಾದಾಮಿ ತಟ್ಟೆ ಹಿಡಿದು ಓಡಿದೆ. "ಹೆಣ್ಣು ಮಗು ಅಕ್ಕಾ, ನಿನ್ನದೇ ಮೂಗು!"

"ಸತ್ತವರಿಗೆ ಮಕ್ಕಳಾಗೋದಿಲ್ಲ ಸಾಲೊಮತ್," ಅಂದಳು. ಆದರೆ ತಟ್ಟೆಯಲ್ಲಿದ್ದ ಬಾದಾಮಿಯನ್ನೆಲ್ಲ ಅಲ್ಲೇ ನಿಂತು ತಿಂದಳು.

ವರ್ಷಗಳು ಉರುಳಿದವು. ಒಂದು ಕಾಲ ಬಂತು, ಯೆಹೂದಿಗಳು ಬೀದಿಬೀದಿಯಾಗಿ ಇಸ್ರೇಲಿಗೆ ಹೊರಟರು. ಮನಾಶ್ ತನ್ನ ಸಂಸಾರದ ಜೊತೆ ತಂಗಿಯನ್ನೂ ಹೊರಡಿಸಿದ. ಆಗ ಬುಲೋರ್ ತಂದೂರ್ ಒಲೆಗೆ ಬೆಂಕಿ ಹಾಕಿ ಒಂದೇ ಒಂದು ರೊಟ್ಟಿ ಸುಟ್ಟಳು. ದೂರ ಹೋಗುವವರು ರೊಟ್ಟಿಯನ್ನು ಒಂದು ಸಲ ಕಚ್ಚಿ ಹೋಗಬೇಕು. ಉಳಿದದ್ದನ್ನು ಗೋಡೆಗೆ ತೂಗುಹಾಕುತ್ತೇವೆ. ತಿರುಗಿ ಬಂದು ಅದನ್ನು ತಿಂದು ಮುಗಿಸುತ್ತೇನೆಂದು ಕಚ್ಚಿದವರು ಹೇಳಿದ ಹಾಗೆ. ದಂಡಿಗೆ ಹೋದ ಗಂಡುಮಕ್ಕಳ ರೊಟ್ಟಿಗಳು ಎಷ್ಟೋ ಮನೆಗಳಲ್ಲಿ ಇನ್ನೂ ತೂಗುತ್ತಿವೆ.

"ಅತ್ತೇ, ನೀವೇ ಸುಟ್ಟಿದ್ದು ಅಂತ ಹೇಳಿ," ಎಂದು ನನ್ನ ಕೈಗಿಟ್ಟಳು. "ನನ್ನ ಹೆಸರು ಎತ್ತಬೇಡಿ."

ಸಿವಿಯೊ ಗಂಟುಮೂಟೆಗಳ ನಡುವೆ ಕೂತಿದ್ದಳು. ನಮ್ಮ ಮನೆಯ ರೊಟ್ಟಿಯನ್ನು ಅವಳು ಎಂದೂ ಬಾಯಿಗಿಟ್ಟವಳಲ್ಲ. ರೊಟ್ಟಿಯನ್ನು ಅವಳ ಮುಂದೆ ಹಿಡಿದೆ.

"ಯಾರು ಸುಟ್ಟಿದ್ದು?"

"ನಾನೇ ಅಕ್ಕಾ."

ಅವಳು ರೊಟ್ಟಿಯನ್ನು ತೆಗೆದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಬುಲೋರ್ ತಟ್ಟಿದ ರೊಟ್ಟಿಯ ಅಂಚು ಒಂದು ಕಡೆ ಯಾವಾಗಲೂ ದಪ್ಪ. ಅಲ್ಲಿಗೆ ಬಂದು ಬೆರಳು ನಿಂತಿತು. ಅಂಗಳದಲ್ಲಿ ಮನಾಶ್ ಹೊತ್ತಾಯಿತೆಂದು ಕೂಗುತ್ತಿದ್ದ. ಅವಳು ಆ ದಪ್ಪ ಅಂಚನ್ನೇ ಕಚ್ಚಿದಳು. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಅಗಿದಳು.

"ಉಪ್ಪು ಕಡಿಮೆ," ಎಂದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ, ಹಾಡುತ್ತಿದ್ದ ಕಾಲದ ದನಿಯಲ್ಲಿ, "ಎಷ್ಟು ಹೇಳಿಕೊಟ್ಟರೂ ಅಷ್ಟೇ, ಸಾಲೊಮತ್. ಈ ಕೈಗೆ ಉಪ್ಪಿನ ಅಳತೆ ಬರಲೇ ಇಲ್ಲ!"

"ಒಂದು ಸಲ ಕರೀಲಾ ಅಕ್ಕಾ? ಗೋಡೆ ಆಚೆಗೇ ನಿಂತಿದ್ದಾಳೆ."

ಬೇಡವೆಂದು ತಲೆಯಾಡಿಸಿದಳು. "ನೋಡಿದರೆ ಹೋಗೋಕಾಗೋಲ್ಲ ಕಣೇ."

ಬುಲೋರ್ ಆ ರೊಟ್ಟಿಗೆ ದಾರ ಕಟ್ಟಿ, ದಮ್ಮಡಿಯ ಪಕ್ಕದಲ್ಲಿ ತೂಗುಹಾಕಿದಳು. ಅಜ್ಜಿ ಕಚ್ಚಿದ್ದಾಳೆ, ಬರುತ್ತಾಳೆ ಎಂದು ತನ್ನ ಮಗಳಿಗೆ ಹೇಳುತ್ತಿದ್ದಳು. ಹೇಳುವಾಗ ಅವಳ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಕೆಲವು ವರ್ಷಕ್ಕೆ, ಊರಲ್ಲಿ ಉಳಿದಿದ್ದ ಒಬ್ಬ ಯೆಹೂದಿ ದರ್ಜಿ ಬಾಗಿಲಿಗೆ ಬಂದು ನಿಂತ. ಸಿವಿಯೊ ಅಲ್ಲೇ ತೀರಿಹೋದಳಂತೆ.

ಬುಲೋರ್ ಕೊರಳಪಟ್ಟಿ ಹರಿದುಕೊಂಡು ನೆಲದ ಮೇಲೆ ಕೂತಳು. "ಕಲಿಮಾ ಹೇಳಿದವಳು ಇದೇನು ಮಾಡ್ತಿದ್ದಾಳೆ?" ಎಂದು ಅಣ್ಣ ರೇಗಿದ.

"ಕೂತ್ಕೊಳ್ಳಲಿ ಬಿಡು ಅಪ್ಪಾ," ಎಂದು ಇನೋಯತ್ ತಾನೂ ಹೆಂಡತಿಯ ಪಕ್ಕ ನೆಲದ ಮೇಲೆ ಕೂತ. ಇನ್ನು ಯಾರೂ ಬರುವವರಿರಲಿಲ್ಲ. ನಾನೇ ಮೊಟ್ಟೆ ಬೇಯಿಸಿ ತಂದುಕೊಟ್ಟೆ.

ಏಳನೆಯ ದಿನ ಅವಳು ಎದ್ದು ರೊಟ್ಟಿಯನ್ನು ಕೆಳಗಿಳಿಸಿದಳು. ಅದು ಕಲ್ಲಾಗಿತ್ತು. ಅಮ್ಮ ಕಚ್ಚಿದ್ದ ಕಡೆಯಿಂದ ಮುರಿದು, ಬಿಸಿ ಚಹಾದಲ್ಲಿ ನೆನೆಸಿ ತಿನ್ನತೊಡಗಿದಳು. ಒಂದು ಚೂರೂ ಬಿಡಲಿಲ್ಲ, ಯಾರಿಗೂ ಕೊಡಲಿಲ್ಲ.

"ಹೌದು ಅತ್ತೇ," ಅಂದಳು ನನ್ನನ್ನು ನೋಡಿ. "ಉಪ್ಪು ಕಡಿಮೆಯೇ ಇದೆ."